ಚೇಳಿನ ಗುರುತಿನ ಕಾರು

ಮನುಷ್ಯನ ಆಸೆಗಳಲ್ಲಿ ಎರಡು ಬಗೆ. ಸಂಜೆ ಹುಟ್ಟಿ ಬೆಳಗಾಗುವುದರೊಳಗೆ ಸಾಯುವುದು ಒಂದು ಬಗೆ. ಇಪ್ಪತ್ತು ಮೂವತ್ತು ವರ್ಷ ಮನಸ್ಸಿನ ಮೂಲೆಯಲ್ಲಿ ಸದ್ದಿಲ್ಲದೆ ಕುಳಿತಿದ್ದು, ಕೈಯಲ್ಲಿ ನಾಲ್ಕು ಕಾಸು ಕೂಡಿದ ದಿನ ಎದ್ದುಬಂದು ಬಾಗಿಲು ತಟ್ಟುವುದು ಇನ್ನೊಂದು ಬಗೆ. ಮೊದಲನೆಯದರಿಂದ ಸಂಸಾರಕ್ಕೆ ಹೆಚ್ಚಿನ ಅಪಾಯವಿಲ್ಲ. ಎರಡನೆಯದು ಬಾಗಿಲಿಗೆ ಬಂದು ನಿಂತಾಗ ಒಳಗೆ ಕರೆಯಬೇಕೋ, ಮುಂದಿನ ಮನೆಗೆ ಹೋಗೆನ್ನಬೇಕೋ ಎಂಬುದೇ ಗೃಹಸ್ಥನಿಗೆ ನಿಜವಾದ ಪರೀಕ್ಷೆ.

ಇಂಥ ದೀರ್ಘಾಯುಷಿ ಆಸೆಗಳಲ್ಲಿ ಇಟಲಿಯ ವೇಗದ ಕಾರೂ ಒಂದು. ಹೆಸರು ಹೇಳಿದರೆ ಸಾಕು, ಚಿತ್ರಗಳಲ್ಲಿ ಕಂಡ ಕೆಂಪು ಬಣ್ಣದ, ನೆಲಕ್ಕೆ ಅಂಟಿಕೊಂಡಂತಿರುವ ವಾಹನವೊಂದು ಕಣ್ಣಿಗೆ ಕಟ್ಟುತ್ತದೆ. ಅದು ರಾಜಮಹಾರಾಜರಿಗೂ ಚಿತ್ರನಟರಿಗೂ ಕ್ರಿಕೆಟ್ ವೀರರಿಗೂ ಸಲ್ಲುವ ವಸ್ತುವೆಂದು ಜನ ನಂಬಿದ್ದಾರೆ. ವೀರರಿಗೂ ಅದು ಸುಲಭವಾಗಿ ಸಂದಿಲ್ಲ. ಬ್ರಾಡ್ಮನ್ನರ 29 ಟೆಸ್ಟ್ ಶತಕಗಳನ್ನು ಸಚಿನ್ ತೆಂಡೂಲ್ಕರ್ ಸರಿಗಟ್ಟಿದ್ದಕ್ಕಾಗಿ 2002ರಲ್ಲಿ ಅವರಿಗೆ ಫೆರಾರಿ 360 ಮೊಡೆನಾ ಕಾರು ಉಡುಗೊರೆಯಾಗಿ ಬಂದಿತು. ಅದನ್ನು ದೇಶದೊಳಕ್ಕೆ ತರುವಾಗ ಒಂದು ಕೋಟಿಗೂ ಮೀರಿದ ಸುಂಕದ ಪ್ರಶ್ನೆ ಎದ್ದಿತು. ವಿನಾಯಿತಿ ಕೊಟ್ಟದ್ದು ಸರಿಯೇ ಎಂಬ ವಿವಾದ ನ್ಯಾಯಾಲಯದ ಮೆಟ್ಟಿಲನ್ನೂ ಏರಿ, ಕೊನೆಗೆ ಫಿಯೆಟ್ ಕಂಪನಿಯೇ ಸುಂಕ ತೆರಬೇಕಾಯಿತು. 2011ರಲ್ಲಿ ಆ ಕಾರು ಸೂರತ್ತಿನ ವ್ಯಾಪಾರಿಯೊಬ್ಬರಿಗೆ ಮಾರಾಟವಾಯಿತು. ಉಡುಗೊರೆಯ ಕುದುರೆಗೂ ಹುಲ್ಲು ಹಾಕಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ.

ಹೋರಿಗಳ ಸೀಮೆ

ಆದರೆ ವೇಗದ ಆಸೆ ಚಿತ್ರದುರ್ಗ ಜಿಲ್ಲೆಯ ಈ ಬಯಲುಸೀಮೆಗೆ ಹೊರಗಿನಿಂದ ಬಂದದ್ದೇನೂ ಅಲ್ಲ. ಚಳ್ಳಕೆರೆಯ ಸುತ್ತಣ ಹುಲ್ಲುಗಾವಲುಗಳು ಅಮೃತಮಹಲ್ ಕಾವಲುಗಳೆಂದು ಹೆಸರಾದವು. ಮೈಸೂರು ಅರಸರ 'ಬೆಣ್ಣೆ ಚಾವಡಿ'ಯಾಗಿ ಆರಂಭವಾದ ಈ ಪಶುಸಂಪತ್ತಿಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು ಸುಲ್ತಾನ. ಹೈದರಾಲಿಯ ಸೈನ್ಯ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರಕ್ಕೆ ಮುಟ್ಟಿದ್ದು ಈ ಎತ್ತುಗಳ ಬಲದಿಂದ ಎಂದು ದಾಖಲೆಗಳು ಹೇಳುತ್ತವೆ. ಹಾಲಿಗಾಗಿ ಅಲ್ಲ, ಓಟಕ್ಕಾಗಿಯೇ ಸಾಕಿದ ತಳಿ ಇದು. ಅದೇ ಕಾವಲುಗಳ ಒಂದು ಭಾಗದಲ್ಲಿ 2017ರಿಂದ ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ಕೇಂದ್ರವಿದ್ದು, ಚಾಲಕನಿಲ್ಲದ ವಿಮಾನಗಳು ಹಾರಾಡುತ್ತಿವೆ. ವೇಗಕ್ಕೂ ಈ ನೆಲಕ್ಕೂ ಹಳೆಯ ನಂಟು.

ಇಟಲಿಯಲ್ಲಿಯೂ ಹೋರಿಯ ಗುರುತಿನ ಕಾರೊಂದುಂಟು. ಅದನ್ನು ಕಟ್ಟಿದ ಫೆರುಚಿಯೊ ಲ್ಯಾಂಬೋರ್ಗಿನಿ ಮೊದಲು ಮಾಡುತ್ತಿದ್ದುದು ಟ್ರಾಕ್ಟರುಗಳನ್ನು. ತನ್ನ ಫೆರಾರಿ ಕಾರಿನ ಕ್ಲಚ್ಚಿನ ವಿಷಯವಾಗಿ ದೂರು ಹೇಳಲು ಹೋದಾಗ, ಎಂಜೋ ಫೆರಾರಿ ಆತನನ್ನು ಟ್ರಾಕ್ಟರಿನವನೆಂದು ಹಗುರಾಗಿ ಕಂಡನೆಂದೂ, ಆ ಛಲದಿಂದಲೇ 1963ರಲ್ಲಿ ಲ್ಯಾಂಬೋರ್ಗಿನಿ ಕಾರಿನ ಕಾರ್ಖಾನೆ ಹುಟ್ಟಿತೆಂದೂ ಕಥೆ ಪ್ರಸಿದ್ಧವಾಗಿದೆ. ಶೇಂಗಾ ಹೊಲಗಳಲ್ಲಿ ಟ್ರಾಕ್ಟರು ಓಡಿಸುವ ಚಳ್ಳಕೆರೆಯ ರೈತರಿಗೆ ಈ ಕಥೆಯಲ್ಲಿ ಪಕ್ಷ ವಹಿಸುವುದು ಕಷ್ಟವಾಗಲಾರದು.

ಹೋರಿಯಾಗಲಿ ಕುದುರೆಯಾಗಲಿ ಮಧ್ಯಮ ವರ್ಗದ ಮನೆಯ ಮುಂದೆ ಬಂದು ನಿಲ್ಲುವಂಥದಲ್ಲ. ವಿದೇಶದಿಂದ ಹಳೆಯ ಕಾರನ್ನು ಅಗ್ಗಕ್ಕೆ ತರಿಸೋಣವೆಂದರೆ ಮೂರು ವರ್ಷ ಮೀರಿದ ಕಾರಿನ ಆಮದಿಗೆ ನಿಯಮ ಒಪ್ಪುವುದಿಲ್ಲ. ಒಪ್ಪಿದ್ದಕ್ಕೆ ಸುಂಕದ ಭಾರ ಬೆನ್ನು ಮುರಿಯುತ್ತದೆ. ಹಾಗಾದರೆ ಮಧ್ಯಮ ವರ್ಗದವರ ಆಸೆಗೆ ದಾರಿಯೇ ಇಲ್ಲವೇ? ಇದೆ. ಆ ದಾರಿ ತೋರಿದ್ದು ಕುದುರೆಯೂ ಅಲ್ಲ, ಹೋರಿಯೂ ಅಲ್ಲ, ಒಂದು ಚೇಳು.

ಫಿಯೆಟ್ಟಿನ ಮನೆತನ

ಇಟಲಿಯ ತೂರಿನ್ ನಗರದಲ್ಲಿ 1899ರಲ್ಲಿ ಹುಟ್ಟಿದ ಫಿಯೆಟ್ ಕಂಪನಿಯ ಹೆಸರು ಭಾರತೀಯರಿಗೆ ಹೊಸದಲ್ಲ. ವಾಲಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆ ಮುಂಬಯಿಯ ಕುರ್ಲಾದಲ್ಲಿ ಫಿಯೆಟ್ 1100 ಕಾರುಗಳನ್ನು ತಯಾರಿಸಿತು. 'ಸೂಪರ್ ಸೆಲೆಕ್ಟ್', 'ಡಿಲೈಟ್' ಎಂದು ಹೆಸರು ಬದಲಿಸುತ್ತ ಬಂದ ಅದೇ ಕಾರು 1974ರಿಂದ 'ಪ್ರೀಮಿಯರ್ ಪದ್ಮಿನಿ' ಎನಿಸಿಕೊಂಡಿತು. ಎಂಜಿನಿನ ಗಾತ್ರ 1,089 ಸಿ.ಸಿ.; ಶಕ್ತಿ ನಲವತ್ತು ಚಿಲ್ಲರೆ ಕುದುರೆಗಳದು; ಗೇರಿನ ಕೋಲು ಸ್ಟೀರಿಂಗಿನ ಪಕ್ಕದಲ್ಲೇ. ಹಣ ಕಟ್ಟಿ ವರ್ಷಗಟ್ಟಲೆ ಕಾದು ಅದನ್ನು ಮನೆಗೆ ತಂದವರುಂಟು. ಮದರಾಸಿನ ಬಳಿಯ ಷೋಲವರಂ ವಿಮಾನಪಟ್ಟಿಯ ಪಂದ್ಯಗಳಲ್ಲಿ ಇದೇ ಸಂಸಾರಸ್ಥ ಕಾರನ್ನು ಬಿಚ್ಚಿ ತಿದ್ದಿ ಓಡಿಸಿದ ಸಾಹಸಿಗಳೂ ಉಂಟು. ಮುಂಬಯಿಯ ಹಳದಿ ಕಪ್ಪು ಟ್ಯಾಕ್ಸಿಯಾಗಿ ಅದರ ಕೊನೆಯ ಓಟ ಮುಗಿದದ್ದು 2023ರ ಅಕ್ಟೋಬರಿನಲ್ಲಿ.

ಚೇಳಿನ ಕಥೆ ಬೇರೆ. ಕಾರ್ಲೊ ಅಬಾರ್ತ್ ಹುಟ್ಟಿದ್ದು 1908ರ ನವೆಂಬರಿನಲ್ಲಿ, ವಿಯೆನ್ನಾದಲ್ಲಿ; ವೃಶ್ಚಿಕ ರಾಶಿ. ಯೌವನದಲ್ಲಿ ಮೋಟಾರ್ ಸೈಕಲ್ ಪಂದ್ಯಗಳ ವೀರ. 1934ರಲ್ಲಿ ಪಕ್ಕಗಾಡಿ ಹೂಡಿದ ಮೋಟಾರ್ ಸೈಕಲ್ಲಿನಲ್ಲಿ ವಿಯೆನ್ನಾದಿಂದ ಓಸ್ಟೆಂಡಿನವರೆಗೆ ಓರಿಯಂಟ್ ಎಕ್ಸ್‌ಪ್ರೆಸ್ ರೈಲಿನೊಡನೆ ಪಂದ್ಯ ಕಟ್ಟಿ ಗೆದ್ದವನು. 1949ರಲ್ಲಿ ಇಟಲಿಯಲ್ಲಿ ತನ್ನ ಹೆಸರಿನ ಸಂಸ್ಥೆ ತೆರೆದು, ರಾಶಿಯ ಚೇಳನ್ನೇ ಗುರುತಾಗಿಟ್ಟ. ಆತನ ಹೆಚ್ಚಳವೆಂದರೆ ಶ್ರೀಮಂತರಿಗೆ ಹೊಸ ರಥ ಕಟ್ಟಿದ್ದಲ್ಲ. ಗುಮಾಸ್ತರೂ ಉಪಾಧ್ಯಾಯರೂ ಓಡಿಸುತ್ತಿದ್ದ ಪುಟ್ಟ ಫಿಯೆಟ್ ಕಾರುಗಳಿಗೆ ಹೊಗೆ ಕೊಳವೆ ಬದಲಿಸಿ, ಎಂಜಿನ್ನು ತಿದ್ದಿ, ಅವು ದೊಡ್ಡ ಕಾರುಗಳನ್ನು ಹಿಂದೆ ಹಾಕುವಂತೆ ಮಾಡಿದ್ದು. ಬಡವನ ಮನೆಯ ಅಕ್ಕಿಯಿಂದಲೇ ಹಬ್ಬದಡುಗೆ ಮಾಡಿದಂತೆ. ಅವನ ಸಂಸ್ಥೆಯನ್ನು 1971ರಲ್ಲಿ ಫಿಯೆಟ್ ಕೊಂಡುಕೊಂಡಿತು.

ಆ ಚೇಳು ಭಾರತದಲ್ಲಿ ತಯಾರಾದ ಕಾರಿನ ಮೂತಿಯ ಮೇಲೆ ಕಾಣಿಸಿಕೊಂಡದ್ದು 2015ರ ಅಕ್ಟೋಬರಿನಲ್ಲಿ. ಪುಣೆಯ ಬಳಿಯ ರಂಜನ್‌ಗಾಂವ್ ಕಾರ್ಖಾನೆಯಿಂದ ಬಂದ 'ಅಬಾರ್ತ್ ಪುಂಟೊ'ಗೆ 1.4 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನು, 145 ಕುದುರೆಗಳ ಶಕ್ತಿ, ನಾಲ್ಕು ಚಕ್ರಕ್ಕೂ ಡಿಸ್ಕ್ ಬ್ರೇಕು. ದೆಹಲಿಯ ಷೋರೂಮಿನ ಬೆಲೆ ಆಗ 9.95 ಲಕ್ಷ ರೂಪಾಯಿ. ಐದು ಬಾಗಿಲು, ಐದು ಜನಕ್ಕೆ ಸ್ಥಳ; ನೋಡಿದವರಿಗೆ ಸಾಧಾರಣ ಸಂಸಾರದ ಕಾರು. ಒಳಗಿರುವುದನ್ನು ಬಲ್ಲವರೇ ಬಲ್ಲರು. ಕೊಂಡವರು ಕೆಲವರೇ. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ನಿಯಮ ಜಾರಿಗೆ ಬರುವ ಹೊತ್ತಿಗೆ ಭಾರತದಲ್ಲಿ ಫಿಯೆಟ್ ಹೆಸರಿನ ಕಾರುಗಳ ಕಾಲವೇ ಮುಗಿಯಿತು. ಇನ್ನು ಬೇಕೆಂದವರು ಕೈ ಬದಲಾದ ಕಾರನ್ನೇ ಹುಡುಕಬೇಕು.

ಸೀರೆಯ ಹಿಂಬದಿ

ಉದಾಹರಣೆಗೆ ಚಳ್ಳಕೆರೆಯಲ್ಲಿ ಶೇಂಗಾ ವ್ಯಾಪಾರದ ಮನೆಯೊಂದನ್ನು ಕಲ್ಪಿಸಿಕೊಳ್ಳಬಹುದು. ಎಣ್ಣೆ ಗಿರಣಿಗಳ ಈ ಊರಿನಲ್ಲಿ ಮಳೆ ಬಂದರೆ ವ್ಯಾಪಾರ, ಇಲ್ಲವಾದರೆ ಉಪವಾಸ. ಯಜಮಾನರಿಗೆ ನಲವತ್ತೈದರ ಪ್ರಾಯ. ಹತ್ತು ವರ್ಷದ ಹುಡುಗನಾಗಿದ್ದಾಗ ಗಿರಣಿಯ ಸಾಹುಕಾರರ ಪದ್ಮಿನಿ ಕಾರನ್ನು ಒರೆಸುವ ನೆಪದಲ್ಲಿ ಮುಟ್ಟಿದವರು. ಅಂದು ಹತ್ತಿದ ಫಿಯೆಟ್ ಹುಚ್ಚು ಇಳಿದಿಲ್ಲ. 2015ರಲ್ಲಿ ಚೇಳಿನ ಕಾರಿನ ಚಿತ್ರವನ್ನು ಪತ್ರಿಕೆಯಿಂದ ಕತ್ತರಿಸಿ ಲೆಕ್ಕದ ಪುಸ್ತಕದಲ್ಲಿ ಇಟ್ಟುಕೊಂಡದ್ದಷ್ಟೇ ಬಂತು. ಮಳೆ ಕೈಕೊಟ್ಟ ವರ್ಷಗಳಲ್ಲಿ ಅಂಥ ಮಾತನ್ನು ಎತ್ತುವುದೂ ತಪ್ಪಾಗುತ್ತಿತ್ತು. ಈಗ ಎರಡು ಬೆಳೆ ಕೈಗೆ ಬಂದಿವೆ. ಬೆಂಗಳೂರಿನಲ್ಲಿ ಅದೇ ಕಾರೊಂದು ಮಾರಾಟಕ್ಕಿರುವ ಸುದ್ದಿಯೂ ಬಂದಿದೆ.

ಮನೆಯಲ್ಲಿ ಒಂದು ಡೀಸೆಲ್ ಸ್ವಿಫ್ಟ್ ಇದೆ. ಅದನ್ನು ಮಾರಿ, ಉಳಿತಾಯ ಸೇರಿಸಿದರೆ ಹಣ ಸರಿಹೋಗುತ್ತದೆ. ಆದರೆ ಮಗಳು ಮುಂದಿನ ವರ್ಷ ಕಾಲೇಜು ಸೇರಬೇಕು. ತಾಯಿಯ ಕಣ್ಣಿನ ಪೊರೆ ತೆಗೆಸಬೇಕು. ಹೀಗಾಗಿ ಇದು ಬರಿಯ ಕಾರಿನ ಪ್ರಶ್ನೆಯಾಗಿ ಉಳಿಯದು.

ಮನೆಯಾಕೆ ಮೊಳಕಾಲ್ಮೂರಿನ ನೇಕಾರರ ಮಗಳು. ರೇಷ್ಮೆ ಸೀರೆಗೆ ಹೆಸರಾಗಿ, 2011ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಊರು ಅದು. ಆಕೆ ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ.

"ಸೀರೆ ಕೊಳ್ಳೋರು ಸೆರಗನ್ನ ನೋಡ್ತಾರೆ. ನಮ್ಮಪ್ಪ ಮೊದಲು ಹಿಂಬದಿ ತಿರುಗಿಸಿ ನೋಡು ಅನ್ನೋರು. ಎಳೆ ಕಿತ್ತದ್ದು, ಗಂಟು ಹಾಕಿದ್ದು ಎಲ್ಲ ಅಲ್ಲೇ ಕಾಣೋದು. ನೀವೂ ಹಂಗೇ ನೋಡಿ. ಮತ್ತೆ ಮಗಳ ಫೀಸು, ಅತ್ತೆಯೋರ ಕಣ್ಣು, ಈ ಎರಡರ ದುಡ್ಡು ಮೊದಲು ಬೇರೆ ಇಟ್ಟು ಆಮೇಲೆ ಹೊರಡಿ" ಎಂದರು.

ಹಳೆಯ ಕಾರು ಕೊಳ್ಳುವ ಯಾರಿಗಾದರೂ ಇದಕ್ಕಿಂತ ಒಳ್ಳೆಯ ಬುದ್ಧಿವಾದ ಬೇಕಿಲ್ಲ. ಬಣ್ಣ ಸೆರಗು, ಅಡಿಭಾಗ ಹಿಂಬದಿ. ಕಾರನ್ನು ಮೇಲೆತ್ತಿಸಿ ನೋಡಿದರೆ ಎಲ್ಲಿ ಬೆಸೆದಿದ್ದಾರೆ, ಎಲ್ಲಿ ಎಣ್ಣೆ ಜಿನುಗುತ್ತಿದೆ, ಎಲ್ಲಿ ಕಲ್ಲು ತಾಗಿ ತಗ್ಗು ಬಿದ್ದಿದೆ ಎಂಬುದು ತಿಳಿಯುತ್ತದೆ. ಎಂಜಿನ್ನು ತಣ್ಣಗಿರುವಾಗಲೇ ಹೋಗಿ ಚಾಲೂ ಮಾಡಿಸಬೇಕು. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಸಂಶಯಪಡಬೇಕು. ಹಿಂದಿನ ಕೊಳವೆಯಿಂದ ನೀಲಿ ಹೊಗೆ ಬಂದರೆ ಎಂಜಿನ್ನು ಎಣ್ಣೆ ಕುಡಿಯುತ್ತಿದೆಯೆಂದು ಅರ್ಥ. ಈ ಎಂಜಿನಿನ ಕವಾಟಗಳನ್ನು ಕಾಲಕಾಲಕ್ಕೆ ತೆರೆದು ಮುಚ್ಚಿಸುವುದು ಒಂದು ರಬ್ಬರ್ ಪಟ್ಟಿ. ಅದನ್ನು ಗೊತ್ತಾದ ಅವಧಿಗೆ ಬದಲಿಸದಿದ್ದರೆ ಒಂದು ದಿನ ಹರಿದು, ಎಂಜಿನ್ನನ್ನೇ ಹಾಳುಮಾಡೀತು. ಬದಲಿಸಿದ್ದಕ್ಕೆ ರಸೀತಿ ಇಲ್ಲವೆಂದರೆ ಬದಲಿಸಿಲ್ಲವೆಂದೇ ಭಾವಿಸಿ, ಅದರ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳುವುದು ಜಾಣತನ.

ಕಾಗದಪತ್ರಗಳ ಹಿಂಬದಿಯೂ ಉಂಟು. ಆರ್.ಸಿ.ಯಲ್ಲಿ ಬ್ಯಾಂಕಿನ ಸಾಲ ನಮೂದಾಗಿದ್ದರೆ ಅದು ತೀರಿದುದಕ್ಕೆ 35ನೆಯ ಫಾರಂ ಬೇಕು. ಮಾಲೀಕತ್ವದ ವರ್ಗಾವಣೆಗೆ 29 ಮತ್ತು 30ನೆಯ ಫಾರಂಗಳು. ಹೊರರಾಜ್ಯದ ಕಾರಾದರೆ ನಿರಾಕ್ಷೇಪಣಾ ಪತ್ರ, ಕರ್ನಾಟಕದ ಆಜೀವ ತೆರಿಗೆ, ಹನ್ನೆರಡು ತಿಂಗಳೊಳಗೆ ಹೊಸ ನೋಂದಣಿ, ಇವುಗಳ ಖರ್ಚೂ ಓಡಾಟವೂ ಅಗ್ಗದ ಬೆಲೆಯ ಅಗ್ಗತನವನ್ನು ನುಂಗಿಬಿಡುತ್ತವೆ. ವಿಮೆಯನ್ನು ಹದಿನಾಲ್ಕು ದಿನಗಳೊಳಗೆ ಕೊಂಡವರ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ಖಾಸಗಿ ಕಾರಿನ ನೋಂದಣಿಗೆ ಹದಿನೈದು ವರ್ಷದ ಆಯುಷ್ಯ. 2015ರ ಕಾರಿಗೆ 2030ರಲ್ಲಿ ಮತ್ತೆ ಪರೀಕ್ಷೆ ಕಾದಿದೆ.

ಕಾರು ತಯಾರಿಕೆ ನಿಂತುಹೋದುದರಿಂದ ಬಿಡಿಭಾಗದ ಚಿಂತೆ ಬೇರೆ. ಈ ಕಾರಣದಿಂದ, ಕೊಟ್ಟ ಬೆಲೆಯ ಐದನೆಯ ಒಂದು ಪಾಲನ್ನಾದರೂ ರಿಪೇರಿಗೆಂದು ತೆಗೆದಿಡಲಾಗದವರು ಇಂಥ ಕಾರಿಗೆ ಕೈ ಹಾಕದಿರುವುದೇ ಮೇಲು. ಚಳ್ಳಕೆರೆಯ ಆ ಮನೆಯಲ್ಲಿ ಈ ಪಾಲನ್ನೂ ತೆಗೆದಿಟ್ಟ ಮೇಲೆ ಉಳಿದ ಹಣ, ಮಾರುವವರು ಹೇಳಿದ ಬೆಲೆಗೆ ಸ್ವಲ್ಪ ಕಡಿಮೆ ಬಿದ್ದಿತು. ರಬ್ಬರ್ ಪಟ್ಟಿಗೆ ರಸೀತಿ ಇಲ್ಲದಿದ್ದುದೇ ಆಗ ಉಪಕಾರಕ್ಕೆ ಬಂದಿತು. ಚೌಕಾಸಿ ಮುಗಿದು ಬೆಲೆ ಕೂಡಿತು.

ಸ್ವಿಫ್ಟನ್ನು ಕಳುಹಿಸಿಕೊಟ್ಟ ದಿನ ಅದನ್ನು ಕೊಂಡ ಮೆಕ್ಯಾನಿಕ್ ಒಂದು ಮಾತು ಹೇಳಿದ: ಆ ಕಾರಿನ 1,248 ಸಿ.ಸಿ. ಡೀಸೆಲ್ ಎಂಜಿನ್ನು ಮೂಲತಃ ಫಿಯೆಟ್ಟಿನದೇ. ಮಾರುತಿ, ಟಾಟಾ ಮೊದಲಾದ ಹಲವು ಕಂಪನಿಗಳ ಕಾರುಗಳಲ್ಲಿ ದುಡಿದ ಎಂಜಿನ್ನು ಅದು. ಇಟಲಿಯ ಕಾರಿಗಾಗಿ ಹಂಬಲಿಸುತ್ತಿದ್ದ ಯಜಮಾನರು ಇಷ್ಟು ವರ್ಷ ಇಟಲಿಯ ಹೃದಯವನ್ನೇ ಓಡಿಸುತ್ತಿದ್ದರು. ಭಾರತದ ಎಷ್ಟೋ ಮನೆಗಳ ಕಥೆ ಇದು.

ಮೊದಲ ಸವಾರಿ

ಪಟ್ಟಿ ಬದಲಿಸಿದ ಮೇಲೆ ಎಂಜಿನಿನ ಸದ್ದು ಕೇಳಿ ನೋಡಬೇಕೆಂದು ಬೆಂಗಳೂರಿನಿಂದ ಕಾರನ್ನು ಓಡಿಸಿಕೊಂಡು ಬಂದವನು ಮೆಕ್ಯಾನಿಕ್. ವಿಮೆ ಹೆಸರಿಗೆ ಆಗುವವರೆಗೆ ಚಕ್ರ ಹಿಡಿಯಕೂಡದೆಂದು ಮನೆಯಾಕೆಯ ಕಟ್ಟಪ್ಪಣೆ. ಆ ಕಾಗದ ಬಂದ ನಂತರದ ಭಾನುವಾರ ಮೊಳಕಾಲ್ಮೂರಿನ ತವರಿಗೆ ಹೊರಟದ್ದೇ ಯಜಮಾನರ ಮೊದಲ ಸವಾರಿ. ಮುಂದೆ ಮನೆಯಾಕೆ, ಹಿಂದೆ ಮಗಳು ಮತ್ತು ಅಜ್ಜಿ.

"ಇದೇನಪ್ಪಾ, ನೆಲದ ಮೇಲೆ ಕುಂತಂಗೈತೆ" ಎಂದರು ಅಜ್ಜಿ. ತಪ್ಪಲ್ಲ. ನೆಲಕ್ಕೂ ಕಾರಿನ ಹೊಟ್ಟೆಗೂ ನಡುವೆ ಇರುವುದು 155 ಮಿಲಿಮೀಟರು. ಊರು ದಾಟುವುದರೊಳಗೆ ರಸ್ತೆಯುಬ್ಬುಗಳ ಎಣಿಕೆ ಆರಂಭವಾಯಿತು. ಉಬ್ಬನ್ನು ನೇರವಾಗಿ ಏರದೆ ಓರೆಯಾಗಿ, ಒಂದೊಂದೇ ಚಕ್ರ ಹತ್ತುವಂತೆ ದಾಟುವುದು ಇಂಥ ಕಾರಿನ ಮೊದಲ ಪಾಠ. ಎರಡನೆಯ ಪಾಠ ಕ್ಲಚ್ಚಿನದು: ಅದು ಭಾರ; ಪೇಟೆಯ ಜನಸಂದಣಿಯಲ್ಲಿ ಎಡಗಾಲಿಗೆ ವ್ಯಾಯಾಮ.

ಊರು ಹಿಂದಾಗಿ ಬಳ್ಳಾರಿಯ ಹೆದ್ದಾರಿ ಬಯಲಿಗೆ ತೆರೆದುಕೊಂಡಿತು. ತಳುಕಿಗೆ ಮುಂಚೆ ಮೂಟೆಗಳನ್ನು ಹೇರಿದ ಲಾರಿಯೊಂದು ಅಡ್ಡ. ಕಾಲ ಬೆರಳ ತುದಿಯಲ್ಲಿ ಶಕ್ತಿಯಿತ್ತು. ಮುಂದಿನ ತಿರುವು ಮಾತ್ರ ಕಾಣುತ್ತಿರಲಿಲ್ಲ. ಯಜಮಾನರು ಕಾದರು. ವೇಗದ ಕಾರಿನಲ್ಲಿ ನಿಧಾನವಾಗಿರುವುದು, ತುಂಬಿದ ಜೇಬಿನಲ್ಲಿ ಕೈ ಬಿಗಿ ಹಿಡಿದಂತೆ, ಅಭ್ಯಾಸದಿಂದ ಬರಬೇಕಾದ ಗುಣ. ತಿರುವು ಕಳೆದು ದಾರಿ ತೆರವಾದ ಮೇಲೆ ಮೂರನೆಯ ಗೇರಿಗೆ ಇಳಿಸಿ ಪೆಡಲನ್ನು ಒತ್ತಿದರು.

ಟರ್ಬೊ ಎಂಬುದು ಕಮ್ಮಾರನ ತಿದಿಯ ಕೆಲಸ ಮಾಡುತ್ತದೆ. ಎಂಜಿನ್ನು ಹೊರಗೆ ಬಿಟ್ಟ ಹೊಗೆಯ ರಭಸದಿಂದಲೇ ಒಂದು ಗಾಲಿ ತಿರುಗಿ, ಅದು ಹೊಸ ಗಾಳಿಯನ್ನು ಒತ್ತಿ ಒಳಕ್ಕೆ ತುಂಬುತ್ತದೆ. ಕುಲುಮೆಯ ಕೆಂಡ ಮೊದಲೊಂದು ಕ್ಷಣ ಸುಮ್ಮನಿದ್ದು ಆಮೇಲೆ ಭುಗಿಲೆನ್ನುವಂತೆ, ಎಂಜಿನು ನಿಮಿಷಕ್ಕೆ ಎರಡು ಸಾವಿರ ಸುತ್ತು ಮುಟ್ಟುವವರೆಗೆ ಕಾರು ಸಾಧುವಾಗಿತ್ತು. ದಾಟಿದೊಡನೆ ಬೆನ್ನನ್ನು ಸೀಟಿಗೆ ಒತ್ತಿತು. ಲಾರಿ ಕನ್ನಡಿಯೊಳಗೆ ಸಣ್ಣದಾಯಿತು.

"ಯಾಕಪ್ಪಾ, ಹಿಂದೆ ಯಾರಾದ್ರೂ ಅಟ್ಟಿಸ್ಕೊಂಡು ಬರ್ತಾ ಅವ್ರೇನು?" ಎಂದರು ಅಜ್ಜಿ. ಮಗಳು ನಕ್ಕಳು. ಯಜಮಾನರು ಪೆಡಲಿನಿಂದ ಕಾಲು ತೆಗೆದರು. ಅಷ್ಟೇ, ಮೂವತ್ತೈದು ವರ್ಷ ಕಾದದ್ದು ಹತ್ತು ಸೆಕೆಂಡುಗಳಲ್ಲಿ ಸಂದಿತ್ತು. ಕೇಂದ್ರ ಸರ್ಕಾರ 2018ರಲ್ಲಿ ನಿಗದಿ ಮಾಡಿದಂತೆ ಕಾರುಗಳ ಗರಿಷ್ಠ ವೇಗ ವಿಭಜಕವಿರುವ ನಾಲ್ಕು ಪಥದ ರಸ್ತೆಯಲ್ಲಿ ಗಂಟೆಗೆ 100 ಕಿ.ಮೀ., ಇತರ ರಸ್ತೆಗಳಲ್ಲಿ 70. ಆ ಮಿತಿಯನ್ನು ಮುಟ್ಟಲು 145 ಕುದುರೆಗಳಿಗೆ ಬೇಕಾದದ್ದು ಕೆಲವೇ ಕ್ಷಣ. ಆಮೇಲೆ ಅವಕ್ಕೆ ಕೆಲಸವಿಲ್ಲ. ಸಂತೋಷವಿರುವುದು ವೇಗದಲ್ಲಿ ಅಲ್ಲ, ವೇಗ ಕೂಡಿಬರುವ ಆ ಅಲ್ಪಕಾಲದಲ್ಲಿ ಎಂಬುದು ಓಡಿಸಿದವರಿಗೇ ತಿಳಿಯುವ ಸಂಗತಿ.

ಬಿ.ಜಿ.ಕೆರೆ ಹತ್ತಿರವಾದಾಗ ಕುರಿಮಂದೆ ರಸ್ತೆಗೆ ಇಳಿದಿತ್ತು. ಕಂಬಳಿಗೂ ಕುರಿಗೂ ಹೆಸರಾದ ಸೀಮೆಯಲ್ಲಿ ಇದೇನೂ ವಿಶೇಷವಲ್ಲ. ಕುರಿಗಾಹಿ ಅವಸರಪಡಲಿಲ್ಲ, ಕುರಿಗಳಂತೂ ಚೇಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಇಟಲಿಯ ಯಂತ್ರ ಐದು ನಿಮಿಷ ನಿಂತಲ್ಲೇ ಗುರುಗುಟ್ಟಿತು. ಈ ದಾರಿ ಹೋಗುವ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಆ ಬಂಡೆಯ ಮೇಲೆ ತಂದೆತಾಯಿಗಳಿಗೆ ವಿಧೇಯರಾಗಿರಬೇಕೆಂದೂ, ಜೀವಿಗಳ ವಿಷಯದಲ್ಲಿ ಕರುಣೆ ದೃಢವಾಗಿರಬೇಕೆಂದೂ, ಸತ್ಯ ನುಡಿಯಬೇಕೆಂದೂ ಬೋಧೆಯಿದೆ. ಎರಡು ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆ ಕೆತ್ತಿದ ಮಾತು ಇಂದಿನ ಹೆದ್ದಾರಿಗೂ ಸಲ್ಲುತ್ತದೆ. ಹಿಂದಿನ ಸೀಟಿನಲ್ಲಿ ತಾಯಿಯೂ ಮುಂದೆ ಕುರಿಯೂ ಇರುವಾಗ ಕಾರು ಓಡಿಸುವವರಿಗೆ ಬೇರೆ ನಿಯಮ ಪುಸ್ತಕ ಬೇಕಾಗದು.

ಹಾನಗಲ್ಲಿನ ತಿರುವು ದಾಟಿ ಮೊಳಕಾಲ್ಮೂರಿನ ಬೀದಿಗೆ ಬಂದಾಗ ಉಬ್ಬೊಂದು ತೀರ ಎತ್ತರವಾಗಿತ್ತು. ಮನೆಯಾಕೆಯೂ ಮಗಳೂ ಇಳಿದು ನಡೆದರು. ಅಜ್ಜಿ ಮಾತ್ರ ಮಹಾರಾಣಿಯಂತೆ ಕುಳಿತೇ ದಾಟಿದರು. ಮನೆಯ ಮುಂದೆ ನಿಲ್ಲಿಸಿದ ಮೇಲೆ ಯಜಮಾನರು ಎಂಜಿನನ್ನು ತಟ್ಟನೆ ಆರಿಸದೆ ಒಂದು ನಿಮಿಷ ಹಾಗೆಯೇ ಬಿಟ್ಟರು. ಬಿಸಿಯಾದ ಟರ್ಬೊಗೆ ಎಣ್ಣೆ ಹರಿದು ತಣಿಯಲು ಅಷ್ಟು ಹೊತ್ತು ಬೇಕು. ಓಡಿಬಂದ ಎತ್ತಿಗೆ ರೈತರು ಕೂಡಲೆ ನೀರು ತೋರಿಸದಂತೆ.

ಮಗ್ಗದ ಕುಣಿಯಿಂದ ಎದ್ದು ಬಂದ ಮಾವನವರು ಕಾರಿನ ಸುತ್ತ ಒಂದು ಸುತ್ತು ಹಾಕಿ, ಚೇಳಿನ ಗುರುತಿನ ಮೇಲೆ ಬೆರಳಾಡಿಸಿ, ಲೋಕದ ಎಲ್ಲ ಮಾವಂದಿರೂ ಕೇಳುವ ಪ್ರಶ್ನೆಯನ್ನೇ ಕೇಳಿದರು:

"ಲೀಟರಿಗೆ ಎಷ್ಟು ಕೊಡ್ತದೆ ಅಳಿಯಂದ್ರೆ?"

"ನಿಧಾನ ಹೋದ್ರೆ ಹನ್ನೆರಡು, ಮಾವ."

"ನಿಧಾನ ಹೋಗೋಕೆ ಇದ್ಯಾಕೆ ಬೇಕಿತ್ತು?" ಎಂದರು ಮುದುಕರು. ಆಮೇಲೆ ಬಾಗಿ ಕಾರಿನ ಅಡಿಭಾಗವನ್ನು ಇಣಿಕಿ ನೋಡಿ, ತೃಪ್ತರಾಗಿ ತಲೆಯಾಡಿಸಿದರು.

ಆಸೆಯ ಲೆಕ್ಕ

ಆ ಪ್ರಶ್ನೆಗೆ ಲೆಕ್ಕದ ಪುಸ್ತಕದಲ್ಲಿ ಉತ್ತರವಿಲ್ಲ. ಮೊಳಕಾಲ್ಮೂರಿನ ಸೀರೆಯನ್ನು ಯಾರೂ ಮೈ ಮುಚ್ಚುವುದಕ್ಕೆಂದು ಮಾತ್ರ ಕೊಳ್ಳುವುದಿಲ್ಲ. ವರ್ಷದಲ್ಲಿ ನಾಲ್ಕು ದಿನ ಉಟ್ಟು, ಉಳಿದ ದಿನ ಪೆಟ್ಟಿಗೆಯಲ್ಲಿದೆಯೆಂಬ ಅರಿವಿನಲ್ಲೇ ಸುಖಪಡುತ್ತಾರೆ. ಕೆಲವರಿಗೆ ಕಾರೂ ಹಾಗೆಯೇ. ಅದನ್ನು ದುಂದೆಂದು ಜರೆಯುವುದು ಸುಲಭ. ಆದರೆ ಒಂದು ಆಸೆಯನ್ನೂ ಈಡೇರಿಸಿಕೊಳ್ಳದೆ ಮುಪ್ಪಾದ ಯಜಮಾನನ ಮೌನವೂ ಮನೆಯ ಮೇಲೆ ಒಂದು ಬಗೆಯ ಸಾಲವೇ.

ನೋಡಬೇಕಾದದ್ದು ಇಷ್ಟು: ಆಸೆ ಈಡೇರಿದ ದಿನ ಮನೆಯಲ್ಲಿ ಇನ್ನಾರ ಅಗತ್ಯವಾದರೂ ಹಿಂದಕ್ಕೆ ಬಿದ್ದಿತೇ? ಬಿದ್ದಿದ್ದರೆ ಎಷ್ಟು ಅಗ್ಗಕ್ಕೆ ಬಂದ ಕಾರೂ ದುಬಾರಿ. ಬೀಳಲಿಲ್ಲವಾದರೆ, ಹಿಂಬದಿಯನ್ನು ಚೆನ್ನಾಗಿ ನೋಡಿ, ರಿಪೇರಿಯ ಪಾಲನ್ನು ಬೇರೆ ಇಟ್ಟು, ಮನೆಯವರೆಲ್ಲರ ಒಪ್ಪಿಗೆಯಿಂದ ತಂದ ಹತ್ತು ವರ್ಷದ ಹಳೆಯ ಕಾರು, ಹೊಸದಾಗಿ ಸಿಕ್ಕಿದ್ದಕ್ಕಿಂತ ಹೆಚ್ಚು ಸುಖ ಕೊಟ್ಟೀತು. ಈ ಕಾರುಗಳು ಇನ್ನು ತಯಾರಾಗುವುದಿಲ್ಲ. ದೇಶದಲ್ಲಿ ಉಳಿದಿರುವವು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಲೇ ಹೋಗುತ್ತವೆ. ಉಳಿದವನ್ನು ಉಳಿಸುವವರು ಹಣವಂತರಿಗಿಂತ ಹೆಚ್ಚಾಗಿ, ಹೀಗೆ ಬಹುಕಾಲ ಕಾದು, ಲೆಕ್ಕ ಹಾಕಿ, ಉಬ್ಬುಗಳನ್ನು ಓರೆಯಾಗಿ ದಾಟಲು ಕಲಿತ ಗೃಹಸ್ಥರೇ. ಸಣ್ಣ ಕಾರುಗಳನ್ನು ತಿದ್ದಿದ ಕಾರ್ಲೊ ಅಬಾರ್ತ್ ಮೆಚ್ಚುತ್ತಿದ್ದುದೂ ಬಹುಶಃ ಅಂಥವರನ್ನೇ.